ನಾದಿನಿಯ ಕರೀ ಕೋಟು, ನನ್ನ ಕಸದ ಬುಟ್ಟಿ

ನನ್ನ ನಾದಿನಿ ವಕೀಲೆ ಅಂದರೆ ನಿಮಗೇನನ್ನಿಸುತ್ತೆ? ಆಸ್ತಿ ಪಾಲು, ವಿಚ್ಛೇದನ, ಅಲ್ಲವೇ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಇವಳು ಸರ್ಕಾರದ ಪರವಾಗಿ ವಾದಿಸುವುದು ಕೊಳಕು ನೀರು, ಹೊಗೆ, ಕಸದ ಕೇಸುಗಳನ್ನು! "ಓದಿದ್ದು ಇದಕ್ಕೇನೇ?" ಎಂದು ಎಷ್ಟೋ ಸಲ ರೇಗಿಸಿದ್ದೇನೆ.

ಹೋದ ತಿಂಗಳು ಸಪ್ಪೆ ಮುಖ ಹಾಕಿಕೊಂಡು ಬಂದಳು. ಕಾಫಿ ಕೊಟ್ಟು ಕೇಳಿದೆ. "ಕೇಸು ಬಿದ್ದು ಹೋಯ್ತು ಅತ್ತಿಗೆ" ಎಂದಳು. 1974ರ ಜಲ ಕಾಯಿದೆಯ ಪ್ರಕಾರ ಕಾರ್ಖಾನೆಯ ನೀರಿನ ಮಾದರಿ ತೆಗೆಯುವಾಗ ಅಲ್ಲೇ ನೋಟೀಸು ಕೊಡಬೇಕು, ಅವರೆದುರಿಗೇ ಎರಡು ಪಾಲು ಮಾಡಿ, ಮೊಹರು ಹಾಕಿ, ಇಬ್ಬರೂ ಸಹಿ ಮಾಡಬೇಕಂತೆ. ಇಲ್ಲದಿದ್ದರೆ ಸಾಕ್ಷಿಗೆ ನಿಲ್ಲೋದಿಲ್ಲ. ಇಲ್ಲಿ ನೋಟೀಸೇ ಕೊಟ್ಟಿರಲಿಲ್ಲ. "ಊರಿನವರ ಬಾವಿ ಕೆಟ್ಟಿದ್ದು ನಿಜ, ಕಾಗದ ಮಾತ್ರ ಸರಿಯಿರಲಿಲ್ಲ. 1984ರಲ್ಲಿ ಭೋಪಾಲದಲ್ಲಿ ಅಷ್ಟು ಜನ ಸತ್ತ ಮೇಲೆ 1986ರಲ್ಲಿ ಪರಿಸರ ಕಾಯಿದೆ ಬಂತು. ಕಾಯಿದೆ ಇದ್ದರೆ ಸಾಕೇ ಅತ್ತಿಗೆ? ಮಾಡೋ ಕೈ ಸರಿಯಿರಬೇಕು."

ಮಾರನೇ ದಿನ ಕಸ ಒಯ್ಯುವ ಹೆಂಗಸು ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದಳು. ಒಡೆದ ಬಲ್ಬನ್ನು ಸೊಪ್ಪಿನ ದಂಟಿನ ಜೊತೆ ಹಾಕಿದ್ದವಳು ನಾನೇ! "ಹೋಗ್ಲಿ ಬಿಡಿ ಅಮ್ಮಾ" ಅಂದಳು. ನನಗೆ ತಲೆ ಎತ್ತಲಾಗಲಿಲ್ಲ. ಹಸಿ, ಒಣ, ಅಪಾಯದ ಕಸ ಬೇರೆ ಬೇರೆ ಇಡಬೇಕೆಂದು 2016ರ ನಿಯಮದಲ್ಲೇ ಇತ್ತು. ನಾದಿನಿ ಹೇಳಿಯೂ ಇದ್ದಳು.

ಈಗ ನಮ್ಮಲ್ಲಿ ಮೂರು ಬುಟ್ಟಿ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಹೇಳಿ ಕೊಡುತ್ತೇನೆ. ನಾದಿನಿಯನ್ನು ರೇಗಿಸುವುದನ್ನೂ ಬಿಟ್ಟಿದ್ದೇನೆ. ನಿಮ್ಮ ಬುಟ್ಟಿಯಲ್ಲಿ ಏನೇನಿದೆ, ಒಮ್ಮೆ ನೋಡುತ್ತೀರಾ?