ಅಳಿದ ಚಾವಡಿ, ಉಳಿದ ಶಿಸ್ತು

ರಾಜ್ಯದ ಹಿರಿಮೆಯನ್ನು ಅರಮನೆಯ ಎತ್ತರದಿಂದ ಅಳೆಯುವುದು ಲೋಕರೂಢಿ. ಪ್ರಜೆಗಾದರೋ ಅರಸನ ಪರಿಚಯವಾಗುವುದು ನ್ಯಾಯ ಕೇಳುವ ಚಾವಡಿಯಲ್ಲಿ, ಕಂದಾಯ ಕಟ್ಟುವ ದಿನದಲ್ಲಿ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಚರಿತ್ರೆಯು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

೧೪೯೯ರಿಂದ ೧೭೬೩ರವರೆಗೆ ಈ ನಾಡನ್ನಾಳಿದ ಕೆಳದಿಯ ಅರಸರು ರಾಜಧಾನಿಯನ್ನು ಎರಡು ಬಾರಿ ಬದಲಿಸಿದರು. ಮೊದಲು ಕೆಳದಿಯಿಂದ ಇಕ್ಕೇರಿಗೆ. ಬಿಜಾಪುರದ ದಾಳಿಯ ತರುವಾಯ ಇಕ್ಕೇರಿಯಿಂದ ಬಿದನೂರಿಗೆ. ಇಂದು ಹೆಗ್ಗೋಡಿನಿಂದ ಸಾಗರದ ಮಾರ್ಗವಾಗಿ ಇಕ್ಕೇರಿಗೆ ಹೋಗುವವರಿಗೆ ಅರಮನೆ ಕಾಣಸಿಗದು. ಮೂರು ಸುತ್ತಿನ ಕೋಟೆಯೊಳಗೆ ಮಣ್ಣು ಮರಗಳಿಂದ ಕಟ್ಟಿ, ಕೆತ್ತನೆಯಿಂದಲೂ ಹೊನ್ನಬಣ್ಣದಿಂದಲೂ ಸಿಂಗರಿಸಿದ ಅರಮನೆಯಿತ್ತೆಂದು ಬಿ. ಎಲ್. ರೈಸ್ ಅವರು ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಮಲೆನಾಡಿನ ಮಳೆಯ ಮುಂದೆ ಮಣ್ಣಿನ ಗೋಡೆ ಎಷ್ಟು ಕಾಲ ನಿಂತೀತು!

ನಿಂತಿರುವುದು ಅಘೋರೇಶ್ವರನ ಶಿಲಾಮಂದಿರ. ಉತ್ತರಾಭಿಮುಖವಾದ ಉನ್ನತ ಕಟ್ಟಡ. ಎದುರಿಗೆ ಕಮಾನುಗಳ ನಂದಿಮಂಟಪ. ಒಳಗೆ ಗರ್ಭಗೃಹದ ಮುಂದಿನ ನೆಲದಲ್ಲಿ ಮೂವರು ನಾಯಕರು ಅಡ್ಡಬಿದ್ದಂತೆ ಕೆತ್ತಿದ ರೂಪಗಳಿವೆ. ಅವರಲ್ಲೊಬ್ಬನಿಗೆ ಸಂಕೋಲೆ ತೊಡಿಸಿರುವುದನ್ನು ರೈಸ್ ಅವರು ಗುರುತಿಸಿದ್ದಾರೆ. ಪೀಠದ ಮೇಲೆ ಕುಳಿತು ತೀರ್ಪು ಹೇಳಬೇಕಾದವರು ಇಲ್ಲಿ ಭಕ್ತರ ಪಾದಗಳ ಬಳಿ ಮಲಗಿದ್ದಾರೆ. ದಂಡಧರನಿಗೂ ಮೇಲೊಬ್ಬ ಒಡೆಯನುಂಟೆಂಬುದಕ್ಕೆ ಬೇರೆ ವ್ಯಾಖ್ಯಾನ ಬೇಡ.

ಈ ವಿನಯವು ಕಲ್ಲಿನಿಂದ ಕಡತಕ್ಕಿಳಿದುದು ಶಿವಪ್ಪನಾಯಕನ ಕಾಲದಲ್ಲಿ. ೧೬೪೫ರಿಂದ ೧೬೬೦ರವರೆಗೆ ಬಿದನೂರಿನಿಂದ ಆಳಿದ ಆತನು ಭೂಮಿಯನ್ನು ಅದರ ಸಾರಕ್ಕನುಗುಣವಾಗಿ ಐದು ತರಗಳಾಗಿ ವಿಂಗಡಿಸಿದನು. ಊರೂರಿನಲ್ಲಿ ಒಂದೊಂದು ಹೊಲವನ್ನು ೧೨ ವರ್ಷ ಸರ್ಕಾರದ ವತಿಯಿಂದಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಫಸಲುಗಳ ಲೆಕ್ಕವಿರಿಸಿದನೆಂದು ಪ್ರತೀತಿ. ಹುಟ್ಟುವಳಿಯ ಮೂರರಲ್ಲೊಂದು ಪಾಲು ಅರಮನೆಗೆಂದು ಗೊತ್ತಾಯಿತು. ಇದೇ ಶಿವಪ್ಪನಾಯಕನ ಶಿಸ್ತು. ಶಾಲೆಗಳಲ್ಲಿ ದಿನವೂ ಕೇಳಿಬರುವ ಈ ಶಬ್ದಕ್ಕೆ ನಿಷ್ಕರ್ಷೆಯಾದ ಕಂದಾಯವೆಂಬ ಅರ್ಥವೂ ಇರುವುದನ್ನು ವಿದ್ಯಾರ್ಥಿಗಳು ತಿಳಿಯತಕ್ಕದ್ದು. ಅಳತೆಯು ಗೊತ್ತಾದ ಮೇಲೆ ರೈತನು ಕೊಡಲೇಬೇಕು. ಅಧಿಕಾರಿಯು ಹೆಚ್ಚು ಕೇಳಲಾಗದು. ಶಿಸ್ತು ಇಬ್ಬರನ್ನೂ ಕಟ್ಟುತ್ತದೆ.

೧೭೬೩ರಲ್ಲಿ ಬಿದನೂರು ಹೈದರಾಲಿಯ ವಶವಾಗಿ ಹೈದರನಗರವೆನಿಸಿತು. ಮುಂದೆ ನಗರವೆಂದೇ ಪ್ರಸಿದ್ಧವಾಯಿತು. ಆದರೆ ಕಂದಾಯ ವಸೂಲಿಯು ಮಿತಿ ಮೀರಿದಾಗ ೧೮೩೦ರಲ್ಲಿ ಇದೇ ನಗರ ಸೀಮೆಯ ರೈತರು ದಂಗೆಯೆದ್ದರು. ಮರುವರ್ಷವೇ ಮೈಸೂರಿನ ಆಡಳಿತವು ಬ್ರಿಟಿಷರ ಕೈಸೇರಿತು. ಅಳತೆ ತಪ್ಪಿದೊಡನೆ ಸಿಂಹಾಸನವೂ ಅಲುಗಿತು.

ತರುವಾಯ ತಾಲ್ಲೂಕಿನ ಕಚೇರಿಯೂ ನಗರವನ್ನು ಬಿಟ್ಟು ಕಲ್ಲೂರುಕಟ್ಟೆಗೆ ಸಾಗಿತು. ಆ ಊರಿಗೆ ಹೊಸನಗರವೆಂಬ ಹೆಸರಾಯಿತು. ಹೀಗೆ ಅಧಿಕಾರದ ಚಾವಡಿ ಊರಿನಿಂದೂರಿಗೆ ಅಲೆಯಿತು. ಶಿವಪ್ಪನಾಯಕನ ಶಿಸ್ತಿನ ಹೆಸರು ಮಾತ್ರ ಜನರ ನಾಲಿಗೆಯಲ್ಲಿ ನೆಲೆನಿಂತಿದೆ. ಮಕ್ಕಳನ್ನು ಇಕ್ಕೇರಿಗೆ ಕರೆದೊಯ್ಯುವ ಅಧ್ಯಾಪಕರು ಕಂಬಗಳ ಕುಸುರಿಯನ್ನು ತೋರಿಸುವುದರ ಜೊತೆಗೆ ನೆಲದ ಮೇಲಣ ಆ ಮೂವರನ್ನೂ ತೋರಿಸಿ, ಹೊಲದ ಲೆಕ್ಕದ ಕಥೆಯನ್ನೂ ಹೇಳುವುದು ಉಚಿತ. ಅವರಲ್ಲಿ ಕೆಲವರು ನಾಳೆ ಚಾವಡಿಯಲ್ಲಿ ಕೂರತಕ್ಕವರು.