ಸೊಂಟದ ಸುತ್ತಳತೆ

ಮೈತುಂಬ ದಪ್ಪಗಿರುವವರು ಮಾತ್ರ ಬೊಜ್ಜಿಗೆ ಅಂಜಬೇಕೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ನನ್ನ ತಮ್ಮನ ಕೈಕಾಲುಗಳು ಸಣ್ಣವು. ಹೊಟ್ಟೆಯೊಂದೇ ಮುಂದೆ ಬಂದಿತ್ತು. ಊರವರು ಅದನ್ನು ಅನುಕೂಲಸ್ಥರ ಲಕ್ಷಣವೆಂದು ಹೊಗಳಿದರು. ನಲವತ್ತೆರಡನೆಯ ವಯಸ್ಸಿನಲ್ಲಿ ಅವನಿಗೆ ಮಧುಮೇಹವಿರುವುದು ತಿಳಿದುಬಂದಿತು.

ಕಿಲೋಗ್ರಾಂ ತೂಕವನ್ನು ಮೀಟರು ಎತ್ತರದ ವರ್ಗದಿಂದ ಭಾಗಿಸುವ ಸೂತ್ರವು 19ನೆಯ ಶತಮಾನದ ಬೆಲ್ಜಿಯಂ ಗಣಿತಜ್ಞ ಕೆಟ್ಲೆಯದು. ಬಂದ ಅಂಕಿ 23 ಆದರೆ ಭಾರತೀಯರಿಗೆ ಅಧಿಕ ತೂಕ, 25 ಆದರೆ ಸ್ಥೂಲತೆ. ಆದರೆ ಕೊಬ್ಬು ಎಲ್ಲಿ ಸೇರಿದೆಯೆಂಬುದನ್ನು ಈ ಅಂಕಿ ತಿಳಿಸದು. ಹೊಟ್ಟೆಯೊಳಗೆ ಕರುಳು, ಯಕೃತ್ತುಗಳ ಸುತ್ತ ಸೇರುವ ಕೊಬ್ಬೇ ಇನ್ಸುಲಿನ್ನಿನ ಕಾರ್ಯವನ್ನು ಕುಂದಿಸಿ, ಮಧುಮೇಹ ಹೃದ್ರೋಗಗಳಿಗೆ ಹಾದಿ ಮಾಡಿಕೊಡುತ್ತದೆ.

ಇದರ ಸುಳಿವು ತಿಳಿಯಲು ದರ್ಜಿಯ ಟೇಪೊಂದು ಸಾಕು. ಓದುಗರೇ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪನ್ನು ಸುತ್ತಿ, ಸಹಜವಾಗಿ ಉಸಿರು ಬಿಟ್ಟು ಅಳೆದುಕೊಳ್ಳಿರಿ. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಮೇರೆ. ಅದನ್ನು ಮೀರಿದ್ದರೆ ವೈದ್ಯರನ್ನು ಕಂಡು ರಕ್ತದ ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಪರೀಕ್ಷಿಸಿಕೊಳ್ಳಿರಿ. ಊಟವನ್ನು ಮಿತಗೊಳಿಸಿ, ದಿನವೂ ತಪ್ಪದೆ ನಡೆಯಿರಿ. ಬೆಳೆದ ಹೊಟ್ಟೆಯನ್ನು ಕಂಡು ಭಾಗ್ಯವಂತರೆಂದು ಯಾರನ್ನೂ ಹೊಗಳದಿರಿ.