ಗುಂಡ್ಲುಪೇಟೆಯ ದಾರಿಯಲ್ಲಿ ಒಂದು ಕಾರಿನ ಪರೀಕ್ಷೆ

ಚಾಮರಾಜನಗರಕ್ಕೆ ಹಿಂದೆ ಅರಿಕುಠಾರವೆಂಬ ಹೆಸರಿತ್ತು. ತಮ್ಮ ತಂದೆ ಖಾಸಾ ಚಾಮರಾಜ ಒಡೆಯರು ಹುಟ್ಟಿದ ಊರೆಂಬ ಅಭಿಮಾನದಿಂದ ಮುಮ್ಮಡಿ ಕೃಷ್ಣರಾಜ ಒಡೆಯರು ಇದಕ್ಕೆ ಅವರ ಹೆಸರನ್ನಿಟ್ಟು, ೧೮೨೬ರಲ್ಲಿ ಶ್ರೀ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಆಷಾಢ ಮಾಸದಲ್ಲಿ ಇಲ್ಲಿ ನಡೆಯುವ ರಥೋತ್ಸವಕ್ಕೆ ನವದಂಪತಿಗಳು ದೂರದೂರದಿಂದ ಬರುವುದು ಪ್ರಸಿದ್ಧವಾದ ವಾಡಿಕೆ. ತೇರಿನ ಹಗ್ಗಕ್ಕೆ ನೂರಾರು ಕೈಗಳು ಕೂಡುತ್ತವೆ; ಆದರೆ ಗಾಲಿಯ ಪಕ್ಕದಲ್ಲಿ ಮರದ ತುಂಡು ಹಿಡಿದು ನಡೆಯುವ ನಾಲ್ಕೈದು ಜನರಿಲ್ಲದೆ ಯಾವ ತೇರೂ ಹೊರಡದು. ಎಳೆಯುವ ಬಲದಷ್ಟೇ ನಿಲ್ಲಿಸುವ ಬಲವೂ ಬೇಕೆಂಬ ಈ ತಿಳಿವಳಿಕೆ, ಹಿಂದೊಮ್ಮೆ ನಮ್ಮ ಅಕ್ಕನ ಮನೆಗೆ ಕಾರು ಕೊಳ್ಳುವಾಗ ನಮಗೆ ನೆನಪಾಗಬೇಕಾಗಿತ್ತು, ಆಗಲಿಲ್ಲ.

ಅದು ೨೦೧೪ರ ಮಾತು. ಅಳಿಯನು ತೋರಿಸಿದ ಹಳೆಯ ಕಾರಿನ ಬಣ್ಣವನ್ನು ನೋಡಿ, ಆಸನವನ್ನು ಒತ್ತಿ, 'ಚೆನ್ನಾಗಿದೆ, ತೆಗೆದುಕೊ' ಎಂದವರು ನಾವೇ. ಆರು ತಿಂಗಳ ತರುವಾಯ ಮಲೆ ಮಹದೇಶ್ವರ ಬೆಟ್ಟದಿಂದ ಕುಟುಂಬಸಮೇತರಾಗಿ ಇಳಿಯುವಾಗ ತಿರುವಿನಲ್ಲಿ ಬ್ರೇಕಿನ ಪೆಡಲ್ ಮೆತ್ತಗಾಗಿ ತಳ ಮುಟ್ಟಿತು. ಅಳಿಯನು ಸಮಯಪ್ರಜ್ಞೆಯಿಂದ ಕಾರನ್ನು ಗುಡ್ಡದ ಮಗ್ಗುಲಿಗೆ ಉಜ್ಜಿಸಿ ನಿಲ್ಲಿಸಿದ. ಮಾದಪ್ಪನ ದಯೆಯಿಂದ ಪ್ರಾಣಗಳು ಉಳಿದವು. ಅಕ್ಕನ ಮುಂಗೈ ಮುರಿಯಿತು. ಬ್ರೇಕ್ ಆಯಿಲನ್ನು ವರ್ಷಗಟ್ಟಲೆ ಬದಲಾಯಿಸಿಯೇ ಇರಲಿಲ್ಲವೆಂದು ಅನಂತರ ತಿಳಿದುಬಂದಿತು. ಆ ದಿನದಿಂದ ಅಕ್ಕ ಕಾರಿನಲ್ಲಿ ಕುಳಿತಿರಲಿಲ್ಲ. ಮದುವೆಯಾಗಲಿ, ಮಠವಾಗಲಿ, ಬಸ್ಸಿನಲ್ಲಿಯೇ ಅವರ ಪಯಣ. ಈಗ ಅವರಿಗೆ ಎಪ್ಪತ್ತು ದಾಟಿದೆ. ಮಂಡಿನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿಲ್ಲ.

ಕಳೆದ ಕಾರ್ತಿಕದಲ್ಲಿ ಶಾಲಾ ಶಿಕ್ಷಕನಾದ ಆ ಅಳಿಯ ನಮ್ಮನ್ನು ಮತ್ತೆ ಕರೆಸಿಕೊಂಡ. "ಮಾವ, ಕಾರು ತಗಬೇಕು ಅಂದ್ಕಂಡಿವ್ನಿ. ಸೆಕೆಂಡ್‌ಹ್ಯಾಂಡೇ ಆಗ್ಲಿ, ಆದ್ರ ಓಡ್ಸುದ್ರ ಖುಷಿ ಆಗ್ಬೇಕು" ಎಂದ. ಮುದಿ ತಾಯಿ, ಇಬ್ಬರು ಮಕ್ಕಳಿರುವ ಮನೆಗೆ ವೇಗದ ಕಾರೇಕೆಂದು ನಾವು ಉಪದೇಶಕ್ಕೆ ತೊಡಗಿದೆವು. ಅವನು ತಲೆ ತಗ್ಗಿಸಿಯೇ ಹೇಳಿದ: "ಹಿಂದ್ಲ ಕಾರು ಜೋರಾಗೇನೂ ಓಡ್ತಿರ್ನಿಲ್ಲ ಮಾವ. ಆದ್ರೂ ನಿಲ್ನಿಲ್ವಲ್ಲ."

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಸತ್ಯಶುದ್ಧ ಕಾಯಕದಿಂದ ಬಂದ ಹಣದಲ್ಲಿ ನ್ಯಾಯವಾದ ಸಂತೋಷವನ್ನು ಪಡೆಯುವುದನ್ನು ಶರಣರು ಎಂದೂ ಹಳಿದವರಲ್ಲ. ಮೇಲಾಗಿ, ಎರಡೇ ಸಾಲಿನ ರಸ್ತೆಯಲ್ಲಿ ಕಬ್ಬಿನ ಲಾರಿಯೊಂದನ್ನು ದಾಟುವಾಗ ಐದು ಜನರ ಭಾರ ಹೊತ್ತ ದುರ್ಬಲ ಎಂಜಿನ್ನು ಏದುಸಿರು ಬಿಡುತ್ತದೆ. ಬಲವುಳ್ಳದ್ದು ಕಡಿಮೆ ಹೊತ್ತಿನಲ್ಲಿ ಎದುರುದಾರಿಯನ್ನು ಬಿಟ್ಟುಕೊಡುತ್ತದೆ. ಬಲವು ದೋಷವಲ್ಲ, ಹತೋಟಿಯಿಲ್ಲದ ಬಲವು ದೋಷ.

ವೇಗಪ್ರಿಯರು ಹಳೆಯ ಕಾರುಗಳಲ್ಲಿ ಅರಸುವ ಹೆಸರುಗಳನ್ನು ಅಳಿಯನು ಪಟ್ಟಿಮಾಡಿಕೊಂಡಿದ್ದ. ೨೦೧೩ರಲ್ಲಿ ಬಂದ ಪೋಲೊ ಜಿಟಿ ಟಿಎಸ್‌ಐ ೧.೨ ಲೀಟರಿನ ಟರ್ಬೊ ಎಂಜಿನ್ನಿನಿಂದ ೧೦೫ ಅಶ್ವಶಕ್ತಿ ಕೊಡುತ್ತಿತ್ತು. ಭಾರತದಲ್ಲಿ ಪೋಲೊ ತಯಾರಿಕೆ ೨೦೨೨ರಲ್ಲಿ ನಿಂತಿತು. ೨೦೧೭ರ ಬಲೆನೊ ಆರ್‌ಎಸ್‌ಗೆ ೧೦೨ ಅಶ್ವಶಕ್ತಿ, ನಾಲ್ಕು ಗಾಲಿಗೂ ಡಿಸ್ಕ್ ಬ್ರೇಕು. ೨೦೧೪ರ ತಲೆಮಾರಿನ ಹೋಂಡಾ ಸಿಟಿಯ ೧.೫ ಲೀಟರ್ ಪೆಟ್ರೋಲ್ ಎಂಜಿನ್ನಿಗೆ ಟರ್ಬೊ ಇಲ್ಲ; ಆದರೂ ೧೧೯ ಅಶ್ವಶಕ್ತಿ. ಫೋರ್ಡ್ ಕಾರುಗಳನ್ನೂ ಅನೇಕರು ಮೆಚ್ಚುತ್ತಾರೆ. ಆದರೆ ೨೦೨೧ರಲ್ಲಿ ಆ ಸಂಸ್ಥೆ ಇಲ್ಲಿ ಮಾರಾಟಕ್ಕಾಗಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಪ್ರಕಟಿಸಿತಾದ್ದರಿಂದ, ಬಿಡಿಭಾಗಗಳ ಲಭ್ಯತೆಯನ್ನು ಮೊದಲೇ ವಿಚಾರಿಸಬೇಕು.

ಮೊದಲ ಕಾರನ್ನು ಚಾಮರಾಜನಗರದಲ್ಲಿಯೇ ನೋಡಿದೆವು. ತಗ್ಗಿಸಿದ ಮೈ, ಅಗಲವಾದ ಗಾಲಿಗಳು, ಗುಡುಗುವ ಸೈಲೆನ್ಸರು. ಎಂಜಿನ್ನಿನ ಕಂಪ್ಯೂಟರನ್ನು ತಿದ್ದಿಸಿ ಶಕ್ತಿ ಹೆಚ್ಚಿಸಿದ್ದೇನೆಂದು ಒಡೆಯನಾದ ತರುಣನು ಹೆಮ್ಮೆಯಿಂದ ಹೇಳಿದ. ಬ್ರೇಕಿಗೆ ಏನು ಮಾಡಿಸಿದೆಯಪ್ಪಾ ಎಂದು ನಾವು ಕೇಳಿದೆವು. ಏನೂ ಇಲ್ಲ. ಶಕ್ತಿ ಹೆಚ್ಚಿಸಿದಂತೆ ಕ್ಲಚ್ಚು, ಗೇರುಪೆಟ್ಟಿಗೆಗಳ ಆಯುಷ್ಯವೂ ಸವೆದಿರುತ್ತದೆ. ವಿಮೆಯವರು ತಕರಾರು ತೆಗೆಯುವುದಕ್ಕೂ ಎಡೆಯಾಗುತ್ತದೆ. ಕೈಮುಗಿದು ಹೊರಟೆವು.

ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಸುಮಾರು ೩೫ ಕಿ.ಮೀ. ದಾರಿಯಲ್ಲಿ ಹಳೆಯ ದೇವಾಲಯಗಳ ತೆರಕಣಾಂಬಿ, ಅದರ ಸಮೀಪದಲ್ಲಿ ತ್ರಿಯಂಬಕಪುರ. ಅರಿಸಿನದ ಹೊಲಗಳು ಹಳದಿಗೆ ತಿರುಗುತ್ತಿದ್ದವು. ಗುಂಡ್ಲುಪೇಟೆಯು ಎರಡು ನೆರೆರಾಜ್ಯಗಳ ಬಾಗಿಲು. ಇಲ್ಲಿಂದ ಒಂದು ದಾರಿ ಬಂಡೀಪುರದ ಮೂಲಕ ಊಟಿಗೆ, ಇನ್ನೊಂದು ವಯನಾಡಿಗೆ ಹೋಗುತ್ತದೆ. ಚಿಕ್ಕದೇವರಾಜ ಒಡೆಯರು ತಂದೆಯ ನೆನಪಿಗಾಗಿ ಕಟ್ಟಿಸಿದ ಪರವಾಸುದೇವ ದೇವಾಲಯವೂ ಇಲ್ಲಿದೆ. ಅಲ್ಲಿ ಚಾಮರಾಜೇಶ್ವರ, ಇಲ್ಲಿ ಪರವಾಸುದೇವ. ಎರಡೂ ಮಕ್ಕಳು ತಂದೆಯನ್ನು ನೆನೆದು ಕಟ್ಟಿಸಿದವು. ತಾಯಿಗೆಂದು ಕಾರು ಹುಡುಕುತ್ತಿದ್ದ ಮಗನು ನಮ್ಮ ಪಕ್ಕದಲ್ಲಿಯೇ ಕುಳಿತಿದ್ದ.

ಈ ಸಲ ನಾವು ನಮ್ಮ ಕಣ್ಣನ್ನು ನಂಬದೆ ಊರಿನ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದುಕೊಂಡೆವು. ಎರಡನೆಯ ಕಾರು ಕೇರಳದ ನೋಂದಣಿಯದು. ಹೊಳೆಯುವ ಕೆಂಪು, ಟರ್ಬೊ ಎಂಜಿನ್ನು, ಬೆಲೆ ಆಶ್ಚರ್ಯವಾಗುವಷ್ಟು ಕಡಿಮೆ. ಅಳಿಯನ ಕಣ್ಣು ಅರಳಿತು. ಮೆಕ್ಯಾನಿಕ್ ಎಂಜಿನ್ನನ್ನು ನೋಡಲೇ ಇಲ್ಲ. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ತೋರಿಸಿದರು: ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ. ನೆಲಹಾಸನ್ನೆತ್ತಿದರೆ ಆಸನದ ಕಂಬಿಗಳಿಗೆ ತುಕ್ಕು. "ಮುಳುಗೆದ್ದಿರ ಕಾರು ಬುದ್ಧಿ. ವೈರಿಂಗು ಇವತ್ತು ಕೆಲಸ ಮಾಡ್ತದ, ನಾಳ ಮಾಡಲ್ಲ" ಎಂದರು. ೨೦೧೮ರ ಆಗಸ್ಟಿನ ಪ್ರವಾಹದಲ್ಲಿ ಕೇರಳದಲ್ಲಿ ನೀರು ಹೊಕ್ಕ ವಾಹನಗಳು ಅಸಂಖ್ಯ. ಗಡಿಯೂರಿನ ಜನ ಇದನ್ನು ಮರೆಯಬಾರದು. ಹೊರರಾಜ್ಯದ ಕಾರಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರ ಬೇಕು, ಕರ್ನಾಟಕದ ಆಜೀವ ತೆರಿಗೆಯನ್ನೂ ಕಟ್ಟಬೇಕು. ಅಗ್ಗವಾಗಿ ಕಂಡದ್ದು ಕೊನೆಗೆ ಅಗ್ಗವಾಗಿ ಉಳಿಯುವುದಿಲ್ಲ.

ಮೂರನೆಯದು ನಿವೃತ್ತ ನೌಕರರೊಬ್ಬರ ಮನೆಯ ೨೦೧೭ರ ಹೋಂಡಾ ಸಿಟಿ. ಕೆಎ-೧೦ ನೋಂದಣಿ, ಒಬ್ಬರೇ ಒಡೆಯರು, ಮಾಸಲು ಬೂದುಬಣ್ಣ, ಬಾಗಿಲಿಗೊಂದು ಗೀರು. ನಾವು ಬರುವ ಮುನ್ನ ಕಾರನ್ನು ಚಾಲೂ ಮಾಡಬೇಡಿರೆಂದು ಮೆಕ್ಯಾನಿಕ್ ಮೊದಲೇ ತಿಳಿಸಿದ್ದರು. ಬಂದೊಡನೆ ಬಾನೆಟ್ಟಿನ ಮೇಲೆ ಕೈಯಿಟ್ಟು ತಣ್ಣಗಿದೆಯೇ ಎಂದು ನೋಡಿದರು. ತಣ್ಣನೆಯ ಎಂಜಿನ್ನು ಚಾಲೂ ಆದಾಗಲೇ ತನ್ನ ನಿಜವನ್ನು ಹೇಳುವುದಂತೆ. ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ; ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂತೆ ಕಂಡರೆ ನೀರು ಬೆರೆತಿರಬಹುದು. ಇಲ್ಲಿ ಎರಡೂ ಇರಲಿಲ್ಲ. ಬಾನೆಟ್ಟಿನ ಬೋಲ್ಟುಗಳಿಗೆ ಸ್ಪ್ಯಾನರು ತಾಗಿದ ಗುರುತಿಲ್ಲ. ಡಿಕ್ಕಿಯ ತಳದಲ್ಲಿ ಮತ್ತೆ ಬೆಸೆದ ಗುರುತಿಲ್ಲ. ಟೈರಿನ ಮೇಲಿನ ನಾಲ್ಕಂಕಿಗಳನ್ನು ಓದಲು ನಮಗೂ ಕಲಿಸಿದರು. ೨೩೧೯ ಎಂದಿದ್ದರೆ ೨೦೧೯ನೆಯ ಇಸವಿಯ ೨೩ನೆಯ ವಾರದಲ್ಲಿ ತಯಾರಾದುದು. ಮೇಲ್ಮೈ ಸವೆಯದಿದ್ದರೂ ಹಳೆಯ ರಬ್ಬರು ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಈ ಕಾರಿನ ಟೈರುಗಳು ಹಳೆಯವೇ. ಹೊಸವಕ್ಕಾಗುವ ಹಣವನ್ನು ಬೆಲೆಯಲ್ಲಿ ಇಳಿಸಿಕೊಂಡೆವು.

ಆದರೆ ನಮ್ಮನ್ನು ಒಪ್ಪಿಸಿದ್ದು ಒಂದು ಹಳೆಯ ಚೀಲ. ಅದರಲ್ಲಿ ಏಳೆಂಟು ವರ್ಷಗಳ ಸರ್ವಿಸ್ ಚೀಟಿಗಳು ದಾರ ಪೋಣಿಸಿ ಕಟ್ಟಿದ್ದವು. ಪ್ರತಿಯೊಂದರಲ್ಲಿಯೂ ಓಡಿದ ಕಿಲೋಮೀಟರು ಏರುತ್ತ ಬಂದು ಇಂದಿನ ಮೀಟರಿಗೆ ಹೊಂದುತ್ತಿತ್ತು. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸಿದ ದಾಖಲೆಯಿತ್ತು. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಇಳಿಜಾರಿನಲ್ಲಿ ಬ್ರೇಕು ಕಾದಾಗ ಆ ನೀರು ಆವಿಯಾಗಿ ಪೆಡಲು ಮೆತ್ತಗಾಗುತ್ತದೆ. ನಮ್ಮ ಅಕ್ಕನ ಮುಂಗೈ ಮುರಿದದ್ದಕ್ಕೆ ಕಾರಣ ಇಷ್ಟೇ ಆಗಿತ್ತು. ಬಹಿರಂಗದ ಶುದ್ಧಿ ಕಣ್ಣಿಗೆ ಕಾಣುತ್ತದೆ. ಅಂತರಂಗದ ಶುದ್ಧಿಯನ್ನು ನಡತೆಯಿಂದಲೇ ತಿಳಿಯಬೇಕು. ಮನುಷ್ಯರ ವಿಷಯದಲ್ಲಿ ಮಠದಲ್ಲಿ ಕಲಿತಿದ್ದ ಈ ಪಾಠವನ್ನು ಕಾರಿನ ವಿಷಯದಲ್ಲಿ ಆ ಚೀಲ ಕಲಿಸಿತು.

ಪರೀಕ್ಷೆಗೆಂದು ಊಟಿ ರಸ್ತೆಯಲ್ಲಿ ಹಂಗಳದವರೆಗೆ ಹೋಗಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆಗೆ ತಿರುಗಿದೆವು. ಮಳೆಗಾಲದಲ್ಲಿ ಸೂರ್ಯಕಾಂತಿ, ಚೆಂಡುಹೂವಿನಿಂದ ತುಂಬುವ ಹೊಲಗಳು ಬರಿದಾಗಿದ್ದವು. ಬಯಲಿನಲ್ಲಿ ಹಿಂದೆ ಮುಂದೆ ಯಾರೂ ಇಲ್ಲದುದನ್ನು ನೋಡಿ ಅಳಿಯ ವೇಗ ಹೆಚ್ಚಿಸಿದ. ಎಂಜಿನ್ನಿನ ದನಿ ಮೇಲೇರಿತು, ಅವನ ಮುಖದಲ್ಲಿ ಬಾಲ್ಯದ ನಗೆ ಕಂಡಿತು. ಆಮೇಲೆ ಗಟ್ಟಿಯಾಗಿ ಬ್ರೇಕು ಒತ್ತಿದ. ಕಾರು ಎಡಬಲಕ್ಕೆ ಎಳೆಯದೆ ನೆಟ್ಟಗೆ ನಿಂತಿತು. ಬೆಟ್ಟದ ಬುಡದಲ್ಲಿ ಎಲ್ಲ ಖಾಸಗಿ ವಾಹನಗಳೂ ನಿಲ್ಲಲೇಬೇಕು. ಮೇಲಕ್ಕೆ ಸರ್ಕಾರಿ ಬಸ್ಸೇ ಗತಿ. ಬಂಡೀಪುರದ ಹೆದ್ದಾರಿಯಲ್ಲಿಯೂ ೨೦೦೯ರಿಂದ ರಾತ್ರಿ ೯ರಿಂದ ಬೆಳಗ್ಗೆ ೬ರವರೆಗೆ ಸಂಚಾರ ನಿಷಿದ್ಧ. ಆನೆ, ಜಿಂಕೆಗಳ ನಾಡಿನಲ್ಲಿ ಎಷ್ಟು ಅಶ್ವಶಕ್ತಿಯಿದ್ದರೂ ತಗ್ಗಿ ನಡೆಯುವುದೇ ಧರ್ಮ.

ಇಂಥ ಕಾರು ಕೊಳ್ಳಬಯಸುವ ಮನೆಯವರಲ್ಲಿ ನಮ್ಮ ವಿನಂತಿ ಇಷ್ಟು: ಹಣ ಕೊಡುವ ಮುನ್ನ ಸಾಲ ತೀರಿದೆಯೇ ಎಂದು ನೋಡಿ, ಬ್ಯಾಂಕಿನ ಪತ್ರವನ್ನು ಪಡೆಯಿರಿ. ೨೯ ಮತ್ತು ೩೦ನೆಯ ನಮೂನೆಗಳಿಗೆ ಸಹಿ ಹಾಕಿಸಿ, ವಿಮೆಯನ್ನು ೧೪ ದಿನಗಳೊಳಗೆ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿರಿ. ಈಗಿನ ಪೆಟ್ರೋಲಿನಲ್ಲಿ ಶೇ. ೨೦ರಷ್ಟು ಎಥೆನಾಲ್ ಇರುವುದರಿಂದ ಹಳೆಯ ರಬ್ಬರ್ ಕೊಳವೆಗಳನ್ನು ನೋಡಿಸಿರಿ. ಬೆಲೆಯ ಹತ್ತರಲ್ಲೊಂದು ಭಾಗವನ್ನು ಟೈರು, ಬ್ರೇಕುಗಳಿಗೆಂದು ಮೊದಲೇ ಎತ್ತಿಡಿರಿ. ಮೆಕ್ಯಾನಿಕ್ಕಿನ ಕೂಲಿಯಲ್ಲಿ ಉಳಿತಾಯ ಮಾಡಬೇಡಿರಿ.

ಮುಂದಿನ ಸೋಮವಾರ ಕಾರು ಮನೆಗೆ ಬಂತು. ಅಕ್ಕ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಹರದನಹಳ್ಳಿಗೆ ಹೋಗಿಬರೋಣವೆಂದೆವು. ನಗರಕ್ಕೆ ಸಮೀಪದ ಆ ಊರು ತೋಂಟದ ಸಿದ್ಧಲಿಂಗ ಯತಿಗಳು ಹುಟ್ಟಿದ ನೆಲ. ಗೋಸಲ ಚನ್ನಬಸವೇಶ್ವರರ ಪೀಠವಿದ್ದ ಸ್ಥಳ. ಆ ಹೆಸರಿಗೆ ಅಕ್ಕ ಇಲ್ಲವೆನ್ನಲಾರದೆ ಹೋದರು. ಹೋಗುವಾಗ ದಾರಿಯುದ್ದಕ್ಕೂ ಕಣ್ಣು ಮುಚ್ಚಿ, ನಮ್ಮ ಕೈ ಹಿಡಿದು, ಪಂಚಾಕ್ಷರಿ ಜಪಿಸುತ್ತಿದ್ದರು. ದಿವ್ಯಲಿಂಗೇಶ್ವರನಿಗೆ ನಮಸ್ಕರಿಸಿ ಹಿಂದಿರುಗುವಾಗ ನಮ್ಮ ಕೈ ಬಿಟ್ಟು ಕಿಟಕಿಯ ಗಾಜು ಇಳಿಸಿಸಿಕೊಂಡರು. ಅಳಿಯನು ಎತ್ತಿನ ಗಾಡಿಯಂತೆ ಮೆಲ್ಲಗೆ ನಡೆಸುತ್ತಿದ್ದ.

"ಏನ್ ಮಗಾ, ಅಷ್ಟೊಂದ್ ದುಡ್ ಕೊಟ್ ತಂದಿರದು ಹಿಂಗ್ ತೆವುಳಕ್ಕಾ? ವಸಿ ಓಡ್ಸು" ಎಂದರು ಅಕ್ಕ.

ಅಳಿಯ ಕನ್ನಡಿಯಲ್ಲಿ ನಮ್ಮ ಮುಖ ನೋಡಿದ. ಓಡಿಸು ಎಂದು ನಾವೂ ತಲೆಯಾಡಿಸಿದೆವು.